ವಾರ್ಲಾಕ್‌ನಲ್ಲಿ ವಾರೂ ಇಲ್ಲ, ಲಾಕೂ ಇಲ್ಲ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಕೇರಿಯವು. ಮಾಟ, ಮಂತ್ರ, ಜಾದೂ, ಮ್ಯಾಜಿಕ್. ಅಮಾವಾಸ್ಯೆ ಹತ್ತಿರ ಇತ್ತೋ ಏನೋ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಒಂಬತ್ತನೇ ಕ್ಲಾಸಿನ ನನ್ನ ಮಗ ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಾ "ಅಮ್ಮಾ, ನಾನೀಗ ವಾರ್ಲಾಕ್" ಎಂದ. ಹಾಗಂದ್ರೇನೋ ಎಂದು ಕೇಳಿದರೆ "ವಾರ್ ಅಂದ್ರೆ ಯುದ್ಧ, ಲಾಕ್ ಅಂದ್ರೆ ಬೀಗ, ಮಂತ್ರ ಹಾಕಿ ಯುದ್ಧಕ್ಕೇ ಬೀಗ ಜಡಿಯೋನು" ಎಂದು ಬಿಡಿಸಿ ಹೇಳಿದ. ನಿಘಂಟು ತೆಗೆದರೆ 'ಮಾಟಗಾರ' ಅಂತಷ್ಟೇ ಇದೆ. ಇದರಲ್ಲಿ ಯುದ್ಧ ಎಲ್ಲಿಂದ ಬಂತು, ಬೀಗ ಎಲ್ಲಿಂದ ಬಂತು?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಎರಡೂ ಎಲ್ಲಿಂದಲೂ ಬಂದಿಲ್ಲ. ಆದರೆ ಹುಡುಗನನ್ನು ಬೈಯಬೇಡಿ. ಗೊತ್ತಿಲ್ಲದ ಪದವನ್ನು ಗೊತ್ತಿರುವ ಎರಡು ತುಂಡು ಮಾಡಿ ನೋಡುವುದು ನಾವೆಲ್ಲ ಮಾಡುವ ಕೆಲಸವೇ. ಬೆಂಗಳೂರು ಅಂದರೆ 'ಬೆಂದ ಕಾಳಿನ ಊರು', ಹಸಿದ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಕಾಳು ಬೇಯಿಸಿ ಕೊಟ್ಟಳು ಅಂತ ನಾವು ಶಾಲೆಯಲ್ಲಿ ಓದಲಿಲ್ವಾ? ಆ ರಾಜ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಮುಂಚಿನ ಬೇಗೂರು ಶಾಸನದಲ್ಲೇ ಬೆಂಗಳೂರಿನ ಹೆಸರು ಇದೆ. ಕಥೆ ಮಾತ್ರ ಇವತ್ತಿಗೂ ಚೆನ್ನಾಗಿ ಓಡುತ್ತದೆ. ನಿಮ್ಮ ಮಗನದೂ ಅದೇ ಜಾತಿಯ ಕಥೆ, ಮತ್ತೆ ಕೇಳುವುದಕ್ಕೂ ಚೆನ್ನಾಗಿದೆ.

ನಿಜವಾದ ತುಂಡುಗಳು ಬೇರೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದ ಹೆಚ್ಚುಕಡಿಮೆ 'ವ್ಯಾರ್‌ಲೋಗಾ' ಎಂದಿತ್ತು. ವ್ಯಾರ್ ಅಂದರೆ ಕೊಟ್ಟ ಮಾತು, ಆಣೆ, ಒಪ್ಪಂದ. ಲೋಗಾ ಅಂದರೆ ಸುಳ್ಳಾಡುವವನು. ಈಗಿನ ಇಂಗ್ಲಿಷಿನ ಲೈ, ಲಯರ್ ಕೂಡ ಇದೇ ಬಳ್ಳಿಯವು. ಮೊದಲ ತುಂಡು ಇಂಗ್ಲಿಷಿನಲ್ಲಿ ಸತ್ತುಹೋಗಿದೆ, ಆದರೆ ಅದರ ದಾಯಾದಿ ಲ್ಯಾಟಿನ್ನಿನಲ್ಲಿತ್ತು: ವೇರುಸ್, ಅಂದರೆ ನಿಜ. ಅಲ್ಲಿಂದ ವೆರಿಫೈ ಬಂತು, ಸುತ್ತಿ ಬಳಸಿ ವೆರಿ ಕೂಡ ಬಂತು. ಅಂದರೆ ವಾರ್ಲಾಕ್‌ನ ಒಂದು ಕಡೆ ನಿಜ, ಇನ್ನೊಂದು ಕಡೆ ಸುಳ್ಳು, ಎರಡನ್ನೂ ಕಟ್ಟಿಹಾಕಿ ಒಬ್ಬ ಮನುಷ್ಯನನ್ನು ಮಾಡಿದ್ದಾರೆ: ಮಾತು ಕೊಟ್ಟು ತಪ್ಪಿದವನು.

ನನಗೆ ಇದು ಕನ್ನಡದಲ್ಲಿ ಇನ್ನೂ ಚೆನ್ನಾಗಿ ಕೂರುತ್ತದೆ ಅನ್ನಿಸುತ್ತದೆ, ಯಾಕೆಂದರೆ ನಮ್ಮಲ್ಲಿ 'ಭಾಷೆ' ಅಂದರೆ ಆಡುವ ನುಡಿಯೂ ಹೌದು, ಕೊಟ್ಟ ವಚನವೂ ಹೌದು. ಭಾಷೆ ಕೊಟ್ಟ, ಭಾಷೆಗೆ ತಪ್ಪಿದ. ವಿಜಯನಗರದ ಮೊದಲ ಅರಸರು ಹರಿಹರ, ಬುಕ್ಕರ ಬಿರುದುಗಳಲ್ಲಿ 'ಭಾಷೆಗೆ ತಪ್ಪುವ ರಾಯರ ಗಂಡ' ಅಂತ ಒಂದು ಬರುತ್ತದೆ. ಶ್ರವಣಬೆಳಗೊಳದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಬುಕ್ಕನ 1368ರ ಶಾಸನದಲ್ಲೂ ಇದೇ ಇದೆ. ಇಲ್ಲಿ ಗಂಡ ಅಂದರೆ ಹೆಂಡತಿಯ ಗಂಡ ಅಲ್ಲ, ಅಂಥವರನ್ನು ಬಗ್ಗಿಸುವ ಶೂರ. ಹಳೆಯ ಇಂಗ್ಲೆಂಡಿನವನೊಬ್ಬನಿಗೆ ಆ ಬಿರುದನ್ನು ಅವನ ನುಡಿಯಲ್ಲಿ ಹೇಳಬೇಕಾದರೆ, ಭಾಷೆಗೆ ತಪ್ಪುವ ಆ ರಾಯರಿಗೆ ವ್ಯಾರ್‌ಲೋಗಾ ಅನ್ನಬಹುದಿತ್ತು. ಮಾಟ ಮಂತ್ರದ ಸುಳಿವೂ ಅದರಲ್ಲಿ ಇರುತ್ತಿರಲಿಲ್ಲ.

ಹಾಗಾದರೆ ಮಾಟ ಯಾವಾಗ ಒಳಗೆ ನುಸುಳಿತು? ಮೊದಲು ಅದು ಬರೀ ಬೈಗುಳ. ದ್ರೋಹಿ, ನೀಚ. ಮಾತಿಗೆ ತಪ್ಪಿದವರಲ್ಲಿ ದೊಡ್ಡವನು ಯಾರು? ದೇವರಿಗೇ ಎದುರು ಬಿದ್ದ ಸೈತಾನ. ಹಾಗಾಗಿ ಹಳೆಯ ಪದ್ಯಗಳಲ್ಲಿ ಸೈತಾನನಿಗೂ ಇದೇ ಹೆಸರು. ಆಮೇಲೆ ದೈತ್ಯರಿಗೆ, ನರಭಕ್ಷಕರಿಗೆ, ಹಾವುಗಳಿಗೂ ಹೇಳಿದರು. ಒಂದು ಬೈಗುಳ ಸಿಕ್ಕಿದರೆ ಸಾಕು, ಕಂಡವರ ಮೇಲೆಲ್ಲ ಎಸೆಯುತ್ತೇವಲ್ಲ, ಹಾಗೆ. ನಡುವೆ 'ವಾರ್ಲೋ' ಎಂಬ ರೂಪವೂ ಓಡಾಡಿಕೊಂಡಿತ್ತು, ಅದು ಉಳಿಯಲಿಲ್ಲ. ಕೊನೆಯಲ್ಲಿ ಕ್ ಅಂತ ಗಟ್ಟಿಯಾಗಿ ನಿಲ್ಲುವ ಈಗಿನ ರೂಪ ಸ್ಕಾಟ್‌ಲೆಂಡಿನ ಕಡೆಯದು, ಗಂಡು ಮಾಟಗಾರ ಎಂಬ ಅರ್ಥ ಗಟ್ಟಿಯಾಗಿದ್ದೂ ಅಲ್ಲೇ. ಹೆಂಗಸಾದರೆ ವಿಚ್, ಗಂಡಸಾದರೆ ವಾರ್ಲಾಕ್.

ಸ್ಕಾಟ್‌ಲೆಂಡಿಗೆ ಈ ಪದ ಬೇಕಾಗಿಯೂ ಇತ್ತು. 1563ರಲ್ಲಿ ಅಲ್ಲಿ ಮಾಟಕ್ಕೆ ಮರಣದಂಡನೆ ಎಂಬ ಕಾನೂನು ಬಂತು, ಅದು ಹೋಗಿದ್ದು 1736ರಲ್ಲಿ. ಅಷ್ಟರಲ್ಲಿ ಆರೋಪ ಹೊತ್ತವರು ಸುಮಾರು 3,800 ಮಂದಿ. ನೂರಕ್ಕೆ 84ರಷ್ಟು ಹೆಂಗಸರು, ಉಳಿದವರು ಗಂಡಸರು. ವಿಚಾರಣೆಯಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದ ಒಂದು ಆರೋಪ ನೋಡಿ: ದೀಕ್ಷಾಸ್ನಾನದಲ್ಲಿ ದೇವರಿಗೆ ಕೊಟ್ಟ ಮಾತನ್ನು ಮುರಿದೆ, ಸೈತಾನನ ಜೊತೆ ಹೊಸ ಕರಾರು ಮಾಡಿಕೊಂಡೆ. ಮಾತು ಮುರಿಯುವುದು, ಸೈತಾನ, ಮಾಟ, ಮೂರೂ ಇಲ್ಲಿ ಒಂದೇ ದಾರದಲ್ಲಿ ಪೋಣಿಸಿಕೊಂಡವು. ಮಾತು ತಪ್ಪಿದವನ ಹೆಸರು ಮಾಟಗಾರನಿಗೆ ಅಂಟಿಕೊಂಡಿದ್ದರಲ್ಲಿ ಆಶ್ಚರ್ಯ ಇಲ್ಲ.

ಅಲ್ಲಿನ ಒಬ್ಬ ಮೇಷ್ಟ್ರ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1590ರಲ್ಲಿ ರಾಜ ಆರನೇ ಜೇಮ್ಸ್ ಡೆನ್ಮಾರ್ಕಿನಿಂದ ಹೊಸ ಹೆಂಡತಿಯನ್ನು ಕರೆದುಕೊಂಡು ಬರುವಾಗ ಸಮುದ್ರದಲ್ಲಿ ಬಿರುಗಾಳಿ ಎದ್ದಿತು. ಗಾಳಿ ಅಂದಮೇಲೆ ಯಾರೋ ಎಬ್ಬಿಸಿರಲೇಬೇಕು ಅಂತ ಹುಡುಕಾಟ ಶುರುವಾಯಿತು. ಎಡಿನ್‌ಬರೋ ಹತ್ತಿರ ಡಾಕ್ಟರ್ ಫಿಯನ್ ಎಂದು ಹೆಸರಾಗಿದ್ದ ಶಾಲಾ ಮೇಷ್ಟ್ರು ಸಿಕ್ಕಿಬಿದ್ದ. ಕಾಲನ್ನು ಕಬ್ಬಿಣದ ಪಟ್ಟಿಗಳಲ್ಲಿ ಹಾಕಿ ಜಜ್ಜಿ ಒಪ್ಪಿಸಿಕೊಂಡರು. ಆಮೇಲೆ ಆತ, ನಾನು ಹೇಳಿದ್ದೆಲ್ಲ ಸುಳ್ಳು, ನೋವಿಗೆ ಹೆದರಿ ಹೇಳಿದೆ ಎಂದ. ತಪ್ಪೊಪ್ಪಿಗೆಗೆ ತಪ್ಪಿದ ಅಂತ ಅದಕ್ಕೂ ಹಿಂಸೆ. 1591ರ ಜನವರಿಯಲ್ಲಿ ಕೊಂದರು. ಇಡೀ ಪ್ರಕರಣದಲ್ಲಿ ನಿಜ ಹೇಳಿದವನು ಅವನೊಬ್ಬನೇ ಇರಬೇಕು ಅನ್ನಿಸುತ್ತದೆ ನನಗೆ.

ಇನ್ನೊಂದು ವಾದವೂ ನಿಮ್ಮ ಕಣ್ಣಿಗೆ ಬೀಳಬಹುದು. ಐಸ್‌ಲೆಂಡಿನ ಹಳೆಯ ಕಥನವೊಂದರಲ್ಲಿ ಕಣಿ ಹೇಳುವ ಹೆಂಗಸಿಗಾಗಿ ಹಾಡುವ 'ವರ್ದ್‌ಲೋಕ್ಕುರ್' ಎಂಬ ಹಾಡು ಬರುತ್ತದೆ, ವಾರ್ಲಾಕ್ ಅದರಿಂದಲೇ ಬಂದಿದ್ದು ಅಂತ. ಕೇಳಿದ ಕೂಡಲೇ ಎಷ್ಟು ಸರಿ ಹೊಂದುತ್ತದೆ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಹಾಡಿನ ಹೆಸರು, ಹಾಡುವವರ ಹೆಸರಲ್ಲ. ಸಿಗುವುದೂ ತೀರಾ ಅಪರೂಪಕ್ಕೆ. ಇಂಗ್ಲಿಷಿನ ಹಳೆಯ ಬರಹಗಳಲ್ಲಿ ವ್ಯಾರ್‌ಲೋಗಾ ಕಣ್ಣೆದುರೇ ಇರುವಾಗ ಅಷ್ಟು ದೂರ ಹೋಗುವ ಅಗತ್ಯ ಇಲ್ಲ. ದೊಡ್ಡ ನಿಘಂಟುಗಳೂ ಇದನ್ನು ಪಕ್ಕಕ್ಕೆ ಇಟ್ಟಿವೆ.

ಈಗ ನಿಮ್ಮ ಮಗನ ಗೇಮಿಗೆ ಬರೋಣ. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟ ಬಂತು. ಕಂಪ್ಯೂಟರ್ ಇಲ್ಲ, ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಆಡುವ ಆಟ. ಅದರಲ್ಲಿ ಮಂತ್ರ ಹಾಕುವವನ ಹೆಸರು ಸಪ್ಪೆಯಾಗಿ 'ಮ್ಯಾಜಿಕ್ ಯೂಸರ್'. ಆದರೆ ಮೆಟ್ಟಿಲು ಹತ್ತಿದ ಹಾಗೆ ಬಿರುದು ಬದಲಾಗುತ್ತಿತ್ತು. 8ನೇ ಮೆಟ್ಟಿಲಿಗೆ ವಾರ್ಲಾಕ್, 9ಕ್ಕೆ ಸಾರ್ಸರರ್, 10ಕ್ಕೆ ನೆಕ್ರೊಮಾನ್ಸರ್, 11ಕ್ಕೆ ವಿಝಾರ್ಡ್. ಗುಮಾಸ್ತ, ಶಿರಸ್ತೇದಾರ, ತಹಶೀಲ್ದಾರ ಇದ್ದ ಹಾಗೆ ಬಡ್ತಿ ಪಟ್ಟಿ. ಸಮಾನಾರ್ಥಕ ಪದಗಳ ನಿಘಂಟು ತೆಗೆದು ಸಾಲಾಗಿ ಅಂಟಿಸಿದ್ದಾರೆ ಅನ್ನುವ ಅನುಮಾನ ನನಗೆ ಮೊದಲಿನಿಂದ ಇದೆ. 2004ರಲ್ಲಿ ಅದೇ ಆಟಕ್ಕೆ ವಾರ್ಲಾಕ್ ಬೇರೆಯೇ ಒಂದು ಪಾತ್ರವಾಗಿ ಬಂದ. ಅವನ ವಿಶೇಷ ಏನು ಗೊತ್ತಾ? ಯಾವುದೋ ಕತ್ತಲ ಶಕ್ತಿಯ ಜೊತೆ ಕರಾರು ಮಾಡಿಕೊಂಡು ಅದರಿಂದ ಬಲ ಪಡೆಯುವವನು. ಒಪ್ಪಂದ ಮುರಿಯುವವನು ಎಂದು ಹುಟ್ಟಿದ ಪದ, ಒಪ್ಪಂದಕ್ಕೆ ಕಟ್ಟುಬಿದ್ದವನು ಎಂಬಲ್ಲಿಗೆ ಬಂದು ಕೂತಿತು. ಮಗನಿಗೆ ಹೇಳಿ ನೋಡಿ. ಯುದ್ಧಕ್ಕೆ ಬೀಗಕ್ಕಿಂತ ಇದು ಅವನಿಗೆ ಜಾಸ್ತಿ ಇಷ್ಟ ಆಗಬಹುದು.

ಪ್ರಶ್ನೆ: ವಿಝಾರ್ಡ್ ಅಂದರೆ ಗೌರವದ ಪದ ಅಲ್ಲವೇ? ವೈಸ್ ಅಂದರೆ ಜ್ಞಾನಿ ಎಂದು ಮೇಷ್ಟ್ರು ಹೇಳಿದ್ದರು. ಹಾಗಿದ್ದರೆ ಅವನು ಋಷಿಯ ಹಾಗೆ ಆಗಬೇಕಲ್ಲ?
(ಕಾಲೇಜು ವಿದ್ಯಾರ್ಥಿ, ಹಾಸನ)

ಉತ್ತರ: ಮೇಷ್ಟ್ರು ಅರ್ಧ ಹೇಳಿದ್ದಾರೆ. ತಲೆ ನೋಡಿದರೆ ಜ್ಞಾನಿ, ಬಾಲ ನೋಡಿದರೆ ಬೇರೆ. ಆ 'ಆರ್ಡ್' ಬಾಲ ಇನ್ನೆಲ್ಲಿ ಬರುತ್ತದೆ ನೋಡಿ: ಡ್ರಂಕರ್ಡ್, ಕುಡುಕ. ಕವರ್ಡ್, ಪುಕ್ಕಲ. ಸ್ಲಗರ್ಡ್, ಸೋಮಾರಿ. ಡಲ್ಲರ್ಡ್, ಮಂದ. ಒಂದಾದರೂ ಮರ್ಯಾದಸ್ಥರ ಸಾಲು ಇದೆಯಾ? 15ನೇ ಶತಮಾನದಲ್ಲಿ ವಿಝಾರ್ಡ್ ಅಂದರೆ ಪಂಡಿತ, ತತ್ವ ಹೇಳುವವನು. ಆದರೆ ಹೇಳುವವರ ತುಟಿ ಸ್ವಲ್ಪ ಸೊಟ್ಟಗಿರುತ್ತಿತ್ತು. ನಮ್ಮಲ್ಲೂ "ಬಂದ ನೋಡಪ್ಪಾ ಮಹಾ ಪಂಡಿತ" ಅಂತೀವಲ್ಲ, ಆ ಪಂಡಿತ. ಮಾಟ ಮಂತ್ರದ ಅರ್ಥ ಬಂದಿದ್ದು ಅದಾದ ಮೇಲೆ, 16ನೇ ಶತಮಾನದಲ್ಲಿ. ಜಾಸ್ತಿ ತಿಳಿದವನ ಮೇಲೆ ಊರಿಗೆ ಒಂದು ಕಣ್ಣು ಇದ್ದೇ ಇರುತ್ತದೆ. ಇವನಿಗೆ ಇಷ್ಟೆಲ್ಲ ಹೇಗೆ ಗೊತ್ತು, ಏನೋ ಇದೆ ಅಂತ.

ಆಮೇಲೆ ಬೈಗುಳ ಹೊಗಳಿಕೆಯಾಗಿ ತಿರುಗಿತು. ಲೆಕ್ಕದಲ್ಲಿ ವಿಝಾರ್ಡ್, ಕಂಪ್ಯೂಟರ್ ವಿಝಾರ್ಡ್. ಸಾಫ್ಟ್‌ವೇರ್ ಹಾಕುವಾಗ "ನೆಕ್ಸ್ಟ್, ನೆಕ್ಸ್ಟ್, ಫಿನಿಶ್" ಎಂದು ಕೈಹಿಡಿದು ನಡೆಸುವ ಪರದೆಗೂ ವಿಝಾರ್ಡ್ ಅಂತಲೇ ಹೆಸರು. ಮೈಕ್ರೋಸಾಫ್ಟ್ 1991ರಲ್ಲೇ ತನ್ನ ಪಬ್ಲಿಷರ್‌ನಲ್ಲಿ ಈ ಪದ ಬಳಸಿತ್ತು. ಪಾಪದ ವಿಝಾರ್ಡ್, ಪಂಡಿತನಾಗಿ ಹುಟ್ಟಿ ಮಂತ್ರವಾದಿಯಾಗಿ ಕೊನೆಗೆ ಪ್ರಿಂಟರ್ ಜೋಡಿಸಿ ಕೊಡುವ ಕೆಲಸಕ್ಕೆ ಸೇರಿದ.

ಕನ್ನಡದಲ್ಲಿ ಈ ದಾರಿಯಲ್ಲಿ ನಡೆದ ಪದ ಬೇಕಾದರೆ 'ಗಾರುಡಿಗ' ನೋಡಿ. ಗರುಡನ ಮಂತ್ರ ಬಲ್ಲವನು, ಹಾವಿನ ವಿಷ ಇಳಿಸುವವನು, ಆಮೇಲೆ ಬೀದಿಯಲ್ಲಿ ಕಣ್ಕಟ್ಟು ಮಾಡುವವನು. ಈಗ ಶಬ್ದಗಾರುಡಿಗ ಅಂದರೆ ಬೇಂದ್ರೆ. ಬೀದಿಯಿಂದ ಧಾರವಾಡದ ಸಾಧನಕೇರಿಯವರೆಗೆ!

ಸಾರ್ಸರರ್ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಸಾಲು. ಲ್ಯಾಟಿನ್ನಿನಲ್ಲಿ ಸೋರ್ಸ್ ಅಂದರೆ ಚೀಟಿ ಎತ್ತುವುದು, ಅದೃಷ್ಟ ನೋಡುವ ಕಡ್ಡಿ. ಕವಡೆ ಹಾಕಿ ಶಾಸ್ತ್ರ ಹೇಳುವವನ ಹಾಗೆ ಆ ಚೀಟಿ ಹಾಕಿ ಹೇಳುವವನು ಫ್ರೆಂಚರ ಬಾಯಲ್ಲಿ ಸೋರ್ಸಿಯೇ ಆಗಿ ಇಂಗ್ಲಿಷಿಗೆ ಬಂದ. ಆಫೀಸಿನಲ್ಲಿ ಎಕ್ಸೆಲ್ ಪಟ್ಟಿಯನ್ನು 'ಸಾರ್ಟ್' ಮಾಡುತ್ತೀರಲ್ಲ, ಅದರ ಬೇರೂ ಅದೇ ಚೀಟಿ.

ಪ್ರಶ್ನೆ: ಇಂಗ್ಲಿಷ್ ಪದಗಳಿಗೆ ಇಷ್ಟು ಚರಿತ್ರೆ ಹೇಳುತ್ತೀರಿ. ನಮ್ಮ 'ಮಾಟ' ಎಲ್ಲಿಂದ ಬಂತು? ಸಂಸ್ಕೃತದ್ದೇ?
(ನಿವೃತ್ತ ಶಿಕ್ಷಕರು, ಕಲಬುರಗಿ)

ಉತ್ತರ: ಅಚ್ಚ ಕನ್ನಡದ್ದು ಸರ್, ಮತ್ತೆ ಎಷ್ಟು ಸರಳ ಅಂದರೆ ಕೈಗೆ ಎಟಕುವಲ್ಲೇ ಇದೆ. ಆಡು, ಆಟ. ಓಡು, ಓಟ. ನೋಡು, ನೋಟ. ಕೂಡು, ಕೂಟ. ಮಾಡು, ಮಾಟ. ಅಷ್ಟೇ. ಮಾಟ ಅಂದರೆ ಮಾಡಿದ್ದು, ಮಾಡುವ ಕೆಲಸ. "ಮಾಟವಾದ ಮೂಗು" ಅಂದಾಗ ಯಾರೋ ಕೂತು ತಿದ್ದಿ ಮಾಡಿದ ಹಾಗಿದೆ ಅನ್ನುವ ಅರ್ಥ. ಅಲ್ಲಿ ನಿಂಬೆಹಣ್ಣೂ ಇಲ್ಲ, ಕುಂಕುಮವೂ ಇಲ್ಲ.

ಮಾಡಿದ್ದು ಹೇಗೆ ಮಾಟ ಆಯಿತು ಅನ್ನುವುದಕ್ಕೆ ನನ್ನ ಅಜ್ಜಿಯೇ ಸಾಕ್ಷಿ. ಹಸು ಹಾಲು ಬತ್ತಿಸಿದರೆ, ಮಗು ರಾತ್ರಿಯಿಡೀ ಅತ್ತರೆ, ಅವಳು ದನಿ ತಗ್ಗಿಸಿ "ಯಾರೋ ಮಾಡಿಸಿದಾರೆ ಕಣೋ" ಅನ್ನುತ್ತಿದ್ದಳು. ಏನನ್ನು ಮಾಡಿಸಿದ್ದಾರೆ? ಹೇಳುತ್ತಿರಲಿಲ್ಲ. ಹೇಳಬಾರದು. ಹೆಸರು ಹೇಳುವುದಕ್ಕೆ ಹೆದರುವ ಜಾಗದಲ್ಲಿ ಬರೀ ಕ್ರಿಯಾಪದ ಒಂದನ್ನೇ ಬಿಟ್ಟು ಸುಮ್ಮನಾಗುವುದು. ಮನೆ ಪಕ್ಕದ ಮೂರು ದಾರಿ ಸೇರುವಲ್ಲಿ ಒಡೆದ ಬೂದುಗುಂಬಳ ಕಂಡರೆ ನಾವು ಮಕ್ಕಳು ಬೇಲಿ ದಾಟಿ ಸುತ್ತು ಹಾಕಿ ಶಾಲೆಗೆ ಹೋಗುತ್ತಿದ್ದೆವು. ಅದು ಯಾರದೋ ಮನೆಯ ಆಯುಧಪೂಜೆಯದು ಅಂತ ದೊಡ್ಡವರಾದ ಮೇಲೆ ಗೊತ್ತಾಯಿತು.

ಇದು ನಮ್ಮ ಊರಿನ ವಿಚಿತ್ರ ಅಂದುಕೊಳ್ಳಬೇಡಿ. ಸಂಸ್ಕೃತದಲ್ಲೂ ಮಾಡು ಎಂಬ ಅರ್ಥದ ಕೃ ಧಾತುವಿನಿಂದಲೇ 'ಕೃತ್ಯೆ' ಬಂದಿದೆ. ಅಥರ್ವವೇದದಲ್ಲಿ ಶತ್ರು ಕಳಿಸಿದ ಕೃತ್ಯೆಯನ್ನು ಕಳಿಸಿದವನ ಮನೆಗೇ ವಾಪಸ್ ಅಟ್ಟುವ ಮಂತ್ರಗಳಿವೆ. ಪೋರ್ಚುಗೀಸರದ್ದೂ ಅದೇ. ಲ್ಯಾಟಿನ್ನಿನ ಫಾಕ್ತೀಕಿಯುಸ್, ಅಂದರೆ ಮಾಡಿದ್ದು, ಅವರ ಬಾಯಲ್ಲಿ ಫೈತೀಸು ಆಯಿತು, ಅರ್ಥ ಮಾಟ. ಮಾಟ ಮಾಡುವವನು ಫೈತಿಸೈರು. ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಜನ ಕಟ್ಟಿಕೊಂಡಿದ್ದ ತಾಯಿತಗಳನ್ನು ಕಂಡು ಅವರು ಅದೇ ಹೆಸರಿಟ್ಟರು, ಅಲ್ಲಿಂದ ಇಂಗ್ಲಿಷಿನ ಫೆಟಿಶ್. ಫ್ಯಾಕ್ಟರಿಯೂ ಫೆಟಿಶ್ಶೂ ಒಂದೇ ಬೇರಿನವು, ಎರಡೂ 'ಮಾಡುವ' ಜಾಗದಿಂದ ಬಂದವು ಅಂದರೆ ನಗು ಬರುತ್ತದೆ. ಫೈತಿಸೈರು ಎಂಬುದಕ್ಕೆ ಮಾಟಗಾರ ಅನ್ನುವಷ್ಟು ಸರಿಯಾದ ಅನುವಾದ ಇಂಗ್ಲಿಷಿನಲ್ಲಿ ಇಲ್ಲ, ಕನ್ನಡದಲ್ಲಿದೆ.

ಪ್ರಶ್ನೆ: ಜಾದೂ, ಮ್ಯಾಜಿಕ್. ಒಂದು ಹಿಂದಿ, ಒಂದು ಇಂಗ್ಲಿಷ್. ಅಷ್ಟೇ ತಾನೇ ವ್ಯತ್ಯಾಸ?
(ಓದುಗರು, ಮಂಗಳೂರು)

ಉತ್ತರ: ಮೂಲ ಹುಡುಕಿಕೊಂಡು ಹೋದರೆ ಎರಡೂ ಇರಾನಿನ ಬಾಗಿಲಿಗೇ ಕರೆದುಕೊಂಡು ಹೋಗುತ್ತವೆ. ಜಾದೂ ಫಾರ್ಸಿ ಪದ, ಉರ್ದು ಹಿಂದಿ ದಾರಿಯಲ್ಲಿ ನಮಗೆ ಬಂತು. ಅದರ ಹಳೆಯ ರೂಪ ಯಾತು. ಋಗ್ವೇದದಲ್ಲೂ ಅದೇ ಯಾತು ಇದೆ, ಮಾಟ ಮಾಡುವ ದುಷ್ಟರಿಗೆ ಯಾತುಧಾನರು ಎಂದು ಹೆಸರು.

ಮ್ಯಾಜಿಕ್ ಹೋದ ದಾರಿ ಪಶ್ಚಿಮಕ್ಕೆ. ಹಳೆಯ ಪರ್ಷಿಯನ್ನಿನಲ್ಲಿ 'ಮಗು' ಅಂದರೆ ಅಲ್ಲಿನ ಪುರೋಹಿತ (ನಮ್ಮ ತೊಟ್ಟಿಲ ಮಗುವಿಗೂ ಇದಕ್ಕೂ ನಂಟಿಲ್ಲ). ಗ್ರೀಕರು ಅವರನ್ನು ಮಾಗೋಸ್ ಎಂದರು. ಪಕ್ಕದ ದೇಶದ ಪೂಜಾರಿ ಏನು ಗೊಣಗುತ್ತಾನೋ ಅರ್ಥ ಆಗದಿದ್ದಾಗ ಅದು ಮಾಟವೇ ಇರಬೇಕು ಎಂದುಕೊಂಡರು, ಮಾಗೋಸ್ ಮಾಡುವ ಕೆಲಸ ಮ್ಯಾಜಿಕ್ ಆಯಿತು. ಯೇಸು ಹುಟ್ಟಿದಾಗ ನಕ್ಷತ್ರ ನೋಡಿಕೊಂಡು ಬಂದವರೂ ಗ್ರೀಕ್ ಮೂಲದಲ್ಲಿ ಈ ಮಾಗೋಸ್‌ಗಳೇ. ಕನ್ನಡ ಬೈಬಲ್ಲಿನಲ್ಲಿ ಅವರನ್ನು 'ಮೂಡಣ ದೇಶದ ಜೋಯಿಸರು' ಎಂದು ಮಾಡಿದವರ ಕಿವಿಗೆ ನನ್ನ ನಮಸ್ಕಾರ. ಮಾಟಗಾರರು ಅಂದಿದ್ದರೆ ಕ್ರಿಸ್‌ಮಸ್ ಕತೆಯೇ ಕೆಡುತ್ತಿತ್ತು. ಮುಂಬೈಯ ಪಾರ್ಸಿಗಳು ಇವತ್ತಿಗೂ ತಮ್ಮ ಪುರೋಹಿತರನ್ನು ಮೊಬೆದ್ ಅನ್ನುತ್ತಾರೆ, ಆ ಪದದ ಒಳಗೂ ಅದೇ ಮಗು ಅವಿತುಕೊಂಡಿದ್ದಾನೆ.

ಚರಿತ್ರೆಯಲ್ಲಿ ಹೆಸರು ಸಮೇತ ಸಿಗುವ ಹಳೆಯ ಮಗುಗಳಲ್ಲಿ ಒಬ್ಬ ಗೌಮಾತ. ಇರಾನಿನ ಬೆಹಿಸ್ತುನ್ ಬೆಟ್ಟದ ಬಂಡೆಯಲ್ಲಿ ದಾರಿಯುಷ್ ದೊರೆ ಇವನ ಕತೆ ಕೆತ್ತಿಸಿದ್ದಾನೆ. ಈ ಗೌಮಾತ ಜನರಿಗೆ ಸುಳ್ಳು ಹೇಳಿದ, ನಾನೇ ಸೈರಸ್ ದೊರೆಯ ಮಗ ಎಂದು ನಂಬಿಸಿ ಸಿಂಹಾಸನ ಹತ್ತಿದ, ಕ್ರಿಸ್ತಪೂರ್ವ 522ರಲ್ಲಿ ನಾನು ಅವನನ್ನು ಕೊಂದೆ ಅಂತ. ಅಂದರೆ ಇಲ್ಲೂ ಮಂತ್ರದವನಿಗೆ ಬಿದ್ದ ಮೊದಲ ಏಟು ಸುಳ್ಳುಗಾರ ಅನ್ನುವುದೇ, ದಾವಣಗೆರೆಯವರ ವಾರ್ಲಾಕ್‌ಗೆ ಬಿದ್ದ ಹಾಗೆ. ಆದರೆ ಕತೆ ಹೇಳುತ್ತಿರುವವನು ಅವನನ್ನು ಕೊಂದು ಅದೇ ಸಿಂಹಾಸನದ ಮೇಲೆ ಕೂತವನು. ಸತ್ತವನು ನಿಜವಾಗಿ ಸೈರಸ್ಸನ ಮಗನೇ ಆಗಿದ್ದ, ಸುಳ್ಳು ಕೆತ್ತಿಸಿದ್ದು ದಾರಿಯುಷ್ ಎಂದು ವಾದಿಸುವ ಇತಿಹಾಸಕಾರರು ಇದ್ದಾರೆ. ಬಂಡೆಯಂತೂ ನೆಲದಿಂದ ಎಷ್ಟೋ ಎತ್ತರದಲ್ಲಿದೆ, ಹತ್ತಿರ ಹೋಗಿ ಓದಿ ಜಗಳ ತೆಗೆಯಲು ಆಗಿನ ಕಾಲದವರಿಗೆ ಆಗುತ್ತಿರಲಿಲ್ಲ.